ಶರೀರದ ತಳವಾರರು: ಕ್ಯಾನ್ಸರಿಗೆ ಡೆಂಡ್ರಿಟಿಕ್ ಕೋಶ ಲಸಿಕೆ

‘ಲಸಿಕೆ’ ಎಂಬ ಮಾತು ನಮ್ಮ ಮನೆಗಳಿಗೆ ಹೊಸದಲ್ಲ. ಸಿಡುಬಿನ ಭಯವಿದ್ದ ಕಾಲದಲ್ಲಿ ತೋಳಿಗೆ ಹಾಕಿದ ಮುದ್ರೆಯ ಗುರುತು ನಮ್ಮ ವಯಸ್ಸಿನವರ ಭುಜದ ಮೇಲೆ ಇಂದಿಗೂ ಉಳಿದಿದೆ. ಪೋಲಿಯೋ ಹನಿಯನ್ನು ಮೊಮ್ಮಕ್ಕಳ ಬಾಯಿಗೆ ಹಾಕಿಸಲು ಸರದಿಯಲ್ಲಿ ನಿಂತವರೂ ನಾವೇ. ಆದ್ದರಿಂದ ಲಸಿಕೆಯೆಂದರೆ ರೋಗ ಬಾರದಂತೆ ಮೊದಲೇ ಕೊಡುವ ರಕ್ಷೆ ಎಂಬ ಅರ್ಥ ನಮ್ಮ ಮನಸ್ಸಿನಲ್ಲಿ ಬೇರೂರಿದೆ. ಈಚಿನ ವರ್ಷಗಳಲ್ಲಿ ‘ಕ್ಯಾನ್ಸರ್ ಲಸಿಕೆ’ ಎಂಬ ಮಾತು ಕಿವಿಗೆ ಬೀಳುತ್ತಿರುವಾಗ ಈ ರೂಢಾರ್ಥವೇ ಅನೇಕರನ್ನು ಗೊಂದಲಕ್ಕೆ ಈಡುಮಾಡಿದೆ. ಶಬ್ದ ಒಂದೇ ಆದರೂ ಅರ್ಥ ಎರಡು. ಅವನ್ನು ಮೊದಲು ಬೇರ್ಪಡಿಸಿಕೊಳ್ಳುವುದು ಅಗತ್ಯ.

ಮೊದಲನೆಯ ಅರ್ಥದ ಕ್ಯಾನ್ಸರ್ ಲಸಿಕೆಗಳು ಈಗಾಗಲೇ ನಮ್ಮ ನಡುವೆ ಇವೆ. ಹೆಪಟೈಟಿಸ್ ಬಿ ಎಂಬ ವೈರಾಣು ದೀರ್ಘಕಾಲ ಶರೀರದಲ್ಲಿ ನೆಲೆಸಿದರೆ ಯಕೃತ್ತಿನ ಕ್ಯಾನ್ಸರಿಗೆ ದಾರಿಯಾಗುತ್ತದೆ. ಆ ವೈರಾಣುವಿಗೆ ವಿರುದ್ಧವಾದ ಲಸಿಕೆ ಆ ಕ್ಯಾನ್ಸರನ್ನೂ ತಡೆಯುತ್ತದೆ. ಎಚ್‌ಪಿವಿ ಎಂಬ ಇನ್ನೊಂದು ವೈರಾಣು ಸ್ತ್ರೀಯರ ಗರ್ಭಕಂಠದ ಕ್ಯಾನ್ಸರಿಗೆ ಮೂಲ. ಅದಕ್ಕೂ ಲಸಿಕೆಯುಂಟು. 2022ರಲ್ಲಿ ಪುಣೆಯ ಸೀರಮ್ ಸಂಸ್ಥೆಯು ನಮ್ಮ ದೇಶದಲ್ಲಿಯೇ ಸಿದ್ಧಪಡಿಸಿದ ಲಸಿಕೆಗೆ ಅನುಮತಿ ದೊರೆಯಿತು. ಇವು ರೋಗಕ್ಕೆ ಮುಂಚೆ ಆರೋಗ್ಯವಂತರಿಗೆ ಕೊಡತಕ್ಕವು. ಎರಡನೆಯ ಅರ್ಥದ ಲಸಿಕೆ ಇದಕ್ಕಿಂತ ತೀರ ಭಿನ್ನವಾದದ್ದು. ರೋಗ ಬಂದ ಮೇಲೆ, ರೋಗಿಯ ಸ್ವಂತ ರಕ್ತದ ಕಣಗಳನ್ನೇ ತೆಗೆದು, ಅವಕ್ಕೆ ಶತ್ರುವಿನ ಗುರುತು ಕಲಿಸಿ, ಮರಳಿ ಅವನ ಶರೀರಕ್ಕೇ ಸೇರಿಸುವ ಚಿಕಿತ್ಸೆಯಿದು. ಇದನ್ನು ಡೆಂಡ್ರಿಟಿಕ್ ಕೋಶ ಲಸಿಕೆ ಎನ್ನುತ್ತಾರೆ. ಈ ತಿಂಗಳ ವಿಚಾರ ಇದೇ.

ಈ ಕೋಶಗಳ ಕಥೆ ಸುಮಾರು ನೂರೈವತ್ತು ವರ್ಷಗಳಿಗೂ ಹಿಂದಿನದು. 1868ರಲ್ಲಿ ಬರ್ಲಿನ್ನಿನಲ್ಲಿ ವೈದ್ಯಶಾಸ್ತ್ರದ ವಿದ್ಯಾರ್ಥಿಯಾಗಿದ್ದ ಪೌಲ್ ಲಾಂಗರ್‌ಹಾನ್ಸ್ ಎಂಬ ತರುಣನು ಮನುಷ್ಯನ ಚರ್ಮದ ತುಣುಕಿಗೆ ಬಂಗಾರದ ಲವಣದಿಂದ ಬಣ್ಣವೇರಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದನು. ಅಲ್ಲಿ ಕೊಂಬೆ ಚಾಚಿದ ಮರಗಳಂತಿರುವ ಕೆಲವು ಕೋಶಗಳು ಕಂಡವು. ನರಗಳಿಗೆ ಇಂಥದೇ ಕವಲುಗಳಿರುವುದರಿಂದ ಇವೂ ನರಕೋಶಗಳೇ ಇರಬೇಕೆಂದು ಅವನು ಊಹಿಸಿದನು. ಕಂಡದ್ದು ಸತ್ಯ, ಊಹೆ ಮಾತ್ರ ತಪ್ಪಾಗಿತ್ತು. ಆ ಕೋಶಗಳ ನಿಜವಾದ ಕೆಲಸವೇನೆಂದು ತಿಳಿಯಲು ಮುಂದೆ ನೂರು ವರ್ಷಗಳಿಗೂ ಹೆಚ್ಚು ಕಾಲ ಬೇಕಾಯಿತು.

1973ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದಲ್ಲಿ ರಾಲ್ಫ್ ಸ್ಟೈನ್‌ಮನ್ ಎಂಬ ಯುವ ವಿಜ್ಞಾನಿ ತಮ್ಮ ಹಿರಿಯರಾದ ಜಾನ್‌ವಿಲ್ ಕೋನ್ ಅವರೊಡನೆ ಇಲಿಯ ಗುಲ್ಮದ ಕೋಶಗಳನ್ನು ಪರೀಕ್ಷಿಸುತ್ತಿದ್ದರು. ಸ್ಟೈನ್‌ಮನ್ ಕೆನಡಾ ದೇಶದ ಮಾಂಟ್ರಿಯಲ್ ನಗರದಲ್ಲಿ 1943ರಲ್ಲಿ ಹುಟ್ಟಿದವರು. ಅಸಂಖ್ಯ ಕೋಶಗಳ ನಡುವೆ ಅಲ್ಲೊಂದು ಇಲ್ಲೊಂದು ಕವಲುಳ್ಳ ಕೋಶ ಅವರ ಕಣ್ಣಿಗೆ ಬಿತ್ತು. ಮರಕ್ಕೆ ಗ್ರೀಕ್ ಭಾಷೆಯಲ್ಲಿರುವ ಶಬ್ದವನ್ನು ಆಧರಿಸಿ ಅವರು ಅದಕ್ಕೆ ‘ಡೆಂಡ್ರಿಟಿಕ್’ ಎಂದು ಹೆಸರಿಟ್ಟರು. ವೃಕ್ಷರೂಪಿ ಕೋಶವೆಂದು ನಾವು ಹೇಳಬಹುದು. ಈ ಕೋಶಕ್ಕೆ ರೋಗನಿರೋಧದಲ್ಲಿ ಮುಖ್ಯವಾದ ಪಾತ್ರವಿದೆಯೆಂದು ಅವರು ಹೇಳಿದಾಗ ಸಹವಿಜ್ಞಾನಿಗಳಲ್ಲಿ ಅನೇಕರು ಒಪ್ಪಲಿಲ್ಲ. ಮೊದಲೇ ಗೊತ್ತಿದ್ದ ಬೇರೊಂದು ಕೋಶವನ್ನೇ ಇವರು ಹೊಸದೆಂದು ಭ್ರಮಿಸಿದ್ದಾರೆಂದರು. ಸ್ಟೈನ್‌ಮನ್ ವಾದಕ್ಕಿಳಿಯುವ ಬದಲು ಪ್ರಯೋಗದ ಮೇಲೆ ಪ್ರಯೋಗ ನಡೆಸಿದರು. ಜಗತ್ತು ಒಪ್ಪಲು ಎರಡು ದಶಕಗಳೇ ಹಿಡಿದವು.

ಈ ಕೋಶದ ಕೆಲಸವನ್ನು ತಿಳಿಯಲು ನಮ್ಮ ಹಳೆಯ ಹಳ್ಳಿಯ ವ್ಯವಸ್ಥೆಯನ್ನು ನೆನೆಸಿಕೊಂಡರೆ ಸಾಕು. ಊರಿಗೊಬ್ಬ ತಳವಾರನಿರುತ್ತಿದ್ದ. ಅವನು ಊರ ಗಡಿಯಲ್ಲಿ, ಅಗಸೆಯ ಬಾಗಿಲಲ್ಲಿ ಸುತ್ತುತ್ತಿದ್ದ. ಅಪರಿಚಿತನೊಬ್ಬ ಕಳವಿಗೆ ಬಂದುದು ತಿಳಿದರೆ ಅವನು ಬಿಟ್ಟುಹೋದ ಕುರುಹನ್ನು ಎತ್ತಿಕೊಂಡು ಚಾವಡಿಗೆ ಬರುತ್ತಿದ್ದ. ‘ಇಗೋ ಈ ಕುರುಹಿನವನನ್ನು ಹಿಡಿಯಿರಿ’ ಎಂದು ಕೂಡಿದ ಜನರಿಗೆ ತೋರಿಸುತ್ತಿದ್ದ. ಕಳ್ಳನನ್ನು ಹಿಡಿಯುವವರು ಬೇರೆಯವರು. ಆದರೆ ತಳವಾರನ ವರದಿಯಿಲ್ಲದೆ ಅವರು ಎದ್ದು ಹೊರಡುವಂತಿರಲಿಲ್ಲ.

ಶರೀರದಲ್ಲಿ ಡೆಂಡ್ರಿಟಿಕ್ ಕೋಶವು ಈ ತಳವಾರನ ಸ್ಥಾನದಲ್ಲಿದೆ. ಹೊರಜಗತ್ತು ನಮ್ಮನ್ನು ಮುಟ್ಟುವ ಕಡೆಗಳಲ್ಲೆಲ್ಲ, ಅಂದರೆ ಚರ್ಮದಲ್ಲಿ, ಉಸಿರಿನ ದಾರಿಯಲ್ಲಿ, ಕರುಳಿನ ಒಳಪದರದಲ್ಲಿ ಅದು ಕಾವಲಿರುತ್ತದೆ. ಒಳನುಗ್ಗಿದ ರೋಗಾಣುವನ್ನು ನುಂಗಿ ಚೂರುಚೂರು ಮಾಡಿ, ಆ ಚೂರುಗಳನ್ನು ತನ್ನ ಮೈಮೇಲಿನ ವಿಶೇಷ ಅಣುಗಳಲ್ಲಿ ಎತ್ತಿ ಹಿಡಿಯುತ್ತದೆ. ಬಳಿಕ ದುಗ್ಧರಸದ ನಾಳಗಳ ಮೂಲಕ ದುಗ್ಧಗ್ರಂಥಿಗಳಿಗೆ ಪ್ರಯಾಣ ಮಾಡುತ್ತದೆ. ಗಂಟಲು ಕೆಟ್ಟಾಗ ಕೊರಳಿನ ಪಕ್ಕದಲ್ಲಿ ಕೈಗೆ ಸಿಗುವ ಗಂಟುಗಳು ಈ ಗ್ರಂಥಿಗಳೇ. ಅವೇ ಶರೀರದ ಚಾವಡಿಗಳು. ಅಲ್ಲಿ ಟಿ-ಕೋಶಗಳೆಂಬ ಬಿಳಿ ರಕ್ತಕಣಗಳು ನೆರೆದಿರುತ್ತವೆ. ಒಂದೊಂದು ಟಿ-ಕೋಶವೂ ಒಂದೊಂದು ಕುರುಹನ್ನು ಮಾತ್ರ ಗುರುತಿಸಬಲ್ಲದು. ತನಗೆ ಹೊಂದುವ ಕುರುಹು ಕಂಡ ಟಿ-ಕೋಶವು ಎಚ್ಚತ್ತು ಸಾವಿರಾರು ಮಡಿಯಾಗಿ ವೃದ್ಧಿಸಿ, ಶತ್ರುವನ್ನು ಅರಸಿ ಕೊಲ್ಲಲು ಹೊರಡುತ್ತದೆ.

ಇಲ್ಲಿ ಒಂದು ಸೂಕ್ಷ್ಮವಿದೆ. ಕುರುಹನ್ನು ತೋರಿಸಿದರಷ್ಟೇ ಸಾಲದು, ಅದರ ಜೊತೆಗೆ ‘ಅಪಾಯ’ ಎಂಬ ಸಂಕೇತವನ್ನೂ ಡೆಂಡ್ರಿಟಿಕ್ ಕೋಶ ಕೊಡಬೇಕು. ಸಂಕೇತವಿಲ್ಲದೆ ಕುರುಹು ಮಾತ್ರ ತೋರಿದರೆ ಟಿ-ಕೋಶವು ‘ಇದು ನಮ್ಮದೇ ವಸ್ತು, ಸುಮ್ಮನಿರಬೇಕು’ ಎಂದು ಕಲಿಯುತ್ತದೆ. ಈ ಸಹನೆಯ ಪಾಠವಿಲ್ಲದಿದ್ದರೆ ನಮ್ಮ ರಕ್ಷಣಾಪಡೆ ನಮ್ಮ ಅಂಗಾಂಗಗಳನ್ನೇ ತಿಂದುಹಾಕುತ್ತಿತ್ತು. ಹೀಗೆ ಯಾವುದರ ಮೇಲೆ ಎರಗಬೇಕು, ಯಾವುದನ್ನು ಬಿಡಬೇಕು ಎಂಬ ಎರಡೂ ವಿವೇಕವನ್ನು ಕಲಿಸುವ ಗುರು ಈ ಕೋಶವೇ ಆಗಿದೆ.

ಕ್ಯಾನ್ಸರಿನ ಕಷ್ಟ ಹುಟ್ಟುವುದೂ ಇಲ್ಲಿಯೇ. ಕ್ಯಾನ್ಸರ್ ಹೊರಗಿನಿಂದ ಬಂದ ಶತ್ರುವಲ್ಲ. ಮನೆಯಲ್ಲಿ ಹುಟ್ಟಿದ ಮಗನೇ ಹಾದಿ ತಪ್ಪಿ ಮನೆ ಕೆಡಿಸಿದಂತೆ, ನಮ್ಮದೇ ಕೋಶವೊಂದು ಮಿತಿಯನ್ನು ಮರೆತು ಬೆಳೆಯತೊಡಗುತ್ತದೆ. ಅದರ ಮುಖ ಬಹುಮಟ್ಟಿಗೆ ನಮ್ಮವರ ಮುಖವೇ. ಅದು ಬೆಳೆಯುವಾಗ ಅಪಾಯದ ಸಂಕೇತವೂ ಸ್ಪಷ್ಟವಾಗಿ ಹೊಮ್ಮುವುದಿಲ್ಲ. ಅಷ್ಟೇ ಅಲ್ಲ, ಬೆಳೆದ ಗಡ್ಡೆಯು ಕೆಲವು ದ್ರವ್ಯಗಳನ್ನು ಸ್ರವಿಸಿ ಸಮೀಪ ಬಂದ ಡೆಂಡ್ರಿಟಿಕ್ ಕೋಶಗಳನ್ನು ಮಂಕಾಗಿಸುತ್ತದೆ. ತಳವಾರನಿಗೇ ನಿದ್ದೆಯ ಮದ್ದು ಕುಡಿಸಿದಂತೆ ಆಗುತ್ತದೆ.

ಹಾಗಾದರೆ ಆ ತಳವಾರನನ್ನು ಗಡ್ಡೆಯ ಪ್ರಭಾವದಿಂದ ಹೊರಗೆ ತಂದು, ಎಚ್ಚರಗೊಳಿಸಿ, ಕುರುಹನ್ನು ಕೈಯಲ್ಲಿಟ್ಟು ಚಾವಡಿಗೆ ಕಳಿಸಿದರೆ ಏನಾದೀತು? ಡೆಂಡ್ರಿಟಿಕ್ ಕೋಶ ಲಸಿಕೆಯ ಹಿಂದಿನ ಆಲೋಚನೆ ಇಷ್ಟೇ. ಆದರೆ ರಕ್ತದಲ್ಲಿ ಈ ಕೋಶಗಳು ಅತ್ಯಲ್ಪ. 1990ರ ದಶಕದಲ್ಲಿ ಈ ತೊಡಕು ಬಗೆಹರಿಯಿತು. 1992ರಲ್ಲಿ ಇಲಿಯ ಅಸ್ಥಿಮಜ್ಜೆಯಿಂದ ಇವನ್ನು ಹೇರಳವಾಗಿ ಬೆಳೆಸುವ ವಿಧಾನ ಪ್ರಕಟವಾಯಿತು. 1994ರಲ್ಲಿ ಮನುಷ್ಯನ ರಕ್ತದ ಮೋನೋಸೈಟ್ ಎಂಬ ಬಿಳಿಯ ಕಣಗಳಿಗೆ ಎರಡು ಪೋಷಕ ದ್ರವ್ಯಗಳನ್ನು ಸೇರಿಸಿ ಅವನ್ನು ಡೆಂಡ್ರಿಟಿಕ್ ಕೋಶಗಳಾಗಿ ಪರಿವರ್ತಿಸುವ ವಿಧಾನವೂ ಕೈಗೂಡಿತು. 1996ರಲ್ಲಿ ಅಮೆರಿಕೆಯ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವೈದ್ಯರು ಲಿಂಫೋಮಾ ಎಂಬ ಕ್ಯಾನ್ಸರಿನ ನಾಲ್ವರು ರೋಗಿಗಳ ಮೇಲೆ ನಡೆಸಿದ ಪ್ರಯೋಗದ ಫಲವನ್ನು ಪ್ರಕಟಿಸಿದರು.

ಸಾಮಾನ್ಯ ಕ್ರಮ ಹೀಗಿದೆ. ರೋಗಿಯ ರಕ್ತವನ್ನು ಯಂತ್ರದ ಮೂಲಕ ಹಾಯಿಸಿ ಬೇಕಾದ ಬಿಳಿ ಕಣಗಳನ್ನು ಬೇರ್ಪಡಿಸಿ, ಉಳಿದ ರಕ್ತವನ್ನು ಮರಳಿ ಅವನಿಗೇ ಕೊಡುತ್ತಾರೆ. ಬೇರ್ಪಡಿಸಿದ ಕಣಗಳನ್ನು ಶುದ್ಧವಾದ ಪ್ರಯೋಗಾಲಯದಲ್ಲಿ ಕೆಲವು ದಿನ ಬೆಳೆಸುತ್ತಾರೆ. ಆ ರೋಗಿಯ ಗಡ್ಡೆಯ ಸಾರವನ್ನೋ ಆ ಬಗೆಯ ಕ್ಯಾನ್ಸರಿನಲ್ಲಿ ಕಾಣುವ ಪ್ರೋಟೀನನ್ನೋ ಅವಕ್ಕೆ ಉಣಿಸುತ್ತಾರೆ. ಹೀಗೆ ಪಳಗಿದ ಕೋಶಗಳನ್ನು ಚುಚ್ಚುಮದ್ದಿನಂತೆ ರೋಗಿಗೆ ಕೊಡುತ್ತಾರೆ. ಒಬ್ಬರಿಗೆ ಸಿದ್ಧಪಡಿಸಿದ ಲಸಿಕೆ ಇನ್ನೊಬ್ಬರಿಗೆ ಸಲ್ಲದು. ಇದು ಕಾರ್ಖಾನೆಯ ಮಾತ್ರೆಯಲ್ಲ, ಒಬ್ಬೊಬ್ಬರ ಅಳತೆಗೆ ಹೊಲಿದ ಅಂಗಿ. ಇದರ ವೆಚ್ಚ ಹೆಚ್ಚಾಗಲು ಕಾರಣವೂ ಇದೇ.

ಸ್ಟೈನ್‌ಮನ್ ಅವರ ಬಾಳಿನ ಕೊನೆಯ ಅಧ್ಯಾಯವನ್ನು ಇಲ್ಲಿ ಹೇಳಲೇಬೇಕು. 2007ರಲ್ಲಿ ಅವರಿಗೆ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಇರುವುದು ಗೊತ್ತಾಯಿತು. ಕ್ಯಾನ್ಸರುಗಳಲ್ಲೆಲ್ಲ ಅತ್ಯಂತ ಕ್ರೂರವಾದವುಗಳಲ್ಲಿ ಅದೊಂದು. ಅದು ಹರಡಿದ ಮೇಲೆ ಪತ್ತೆಯಾದ ರೋಗಿಗಳಲ್ಲಿ ಬಹುಪಾಲು ಜನ ಒಂದು ವರ್ಷ ಕಳೆಯುವುದೂ ಕಷ್ಟ. ಅವರು ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು, ಕಿಮೋಥೆರಪಿ ಪಡೆದರು. ಅದರ ಜೊತೆಗೆ, ಹಲವು ದೇಶಗಳಲ್ಲಿದ್ದ ಸಹೋದ್ಯೋಗಿಗಳ ನೆರವಿನಿಂದ ಮತ್ತು ಸರಕಾರಿ ನಿಯಂತ್ರಕರ ಅನುಮತಿಯೊಡನೆ, ತಾವೇ ಕಂಡುಹಿಡಿದ ಕೋಶಗಳಿಂದ ಮಾಡಿದ ಪ್ರಾಯೋಗಿಕ ಲಸಿಕೆಗಳನ್ನು ತಮ್ಮ ಶರೀರದ ಮೇಲೆಯೇ ಪರೀಕ್ಷಿಸಿಕೊಂಡರು. ನಾಲ್ಕೂವರೆ ವರ್ಷ ಬದುಕಿದರು. ಅಷ್ಟೂ ಕಾಲ ಪ್ರಯೋಗಾಲಯದ ಕೆಲಸ ಬಿಡಲಿಲ್ಲ.

2011ರ ಸೆಪ್ಟೆಂಬರ್ 30, ಶುಕ್ರವಾರ, ಅವರು ಕಾಲವಶರಾದರು. ಅಕ್ಟೋಬರ್ 3, ಸೋಮವಾರ, ಸ್ಟಾಕ್‌ಹೋಮಿನಲ್ಲಿ ಆ ವರ್ಷದ ವೈದ್ಯಶಾಸ್ತ್ರದ ನೊಬೆಲ್ ಪ್ರಶಸ್ತಿ ಘೋಷಣೆಯಾಯಿತು. ಪ್ರಶಸ್ತಿಯ ಅರ್ಧಭಾಗ ಸ್ಟೈನ್‌ಮನ್ ಅವರಿಗೆ, ಉಳಿದರ್ಧ ಬ್ರೂಸ್ ಬಾಯ್ಟ್ಲರ್ ಮತ್ತು ಜೂಲ್ಸ್ ಹಾಫ್‌ಮನ್ ಅವರಿಗೆ. ಆಯ್ಕೆ ಮಾಡಿದವರಿಗೆ ಅವರ ಮರಣದ ಸುದ್ದಿ ಮುಟ್ಟಿರಲಿಲ್ಲ. ನಿಧನರಾದವರಿಗೆ ನೊಬೆಲ್ ಕೊಡುವಂತಿಲ್ಲವೆಂದು ನಿಯಮವಿದೆ. ಆದರೂ ಬದುಕಿದ್ದಾರೆಂಬ ನಂಬಿಕೆಯಿಂದ ಮಾಡಿದ ಆಯ್ಕೆಯಾದ್ದರಿಂದ ಪ್ರಶಸ್ತಿ ಊರ್ಜಿತವೆಂದು ಸಂಸ್ಥೆಯವರು ತೀರ್ಮಾನಿಸಿದರು.

ಆ ನಾಲ್ಕೂವರೆ ವರ್ಷ ಲಸಿಕೆಯ ಫಲವೇ? ಹಾಗೆಂದು ಹೇಳಲು ಮನಸ್ಸು ಹಾತೊರೆಯುತ್ತದೆ. ಆದರೆ ಶಾಸ್ತ್ರ ಒಪ್ಪುವುದಿಲ್ಲ. ಶಸ್ತ್ರಚಿಕಿತ್ಸೆಯಿಂದಲೋ ಕಿಮೋಥೆರಪಿಯಿಂದಲೋ ಲಸಿಕೆಯಿಂದಲೋ ಅಥವಾ ಆ ಗಡ್ಡೆಯ ಸ್ವಭಾವದಿಂದಲೋ ಎಂದು ಒಬ್ಬ ರೋಗಿಯ ಉದಾಹರಣೆಯಿಂದ ನಿರ್ಣಯಿಸಲು ಸಾಧ್ಯವಿಲ್ಲ. ನ್ಯಾಯಶಾಸ್ತ್ರ ಓದಿದವರಿಗೆ ಇದು ಹೊಸ ಮಾತಲ್ಲ. ಕಾಗೆ ಕೂತ ಗಳಿಗೆಗೆ ತಾಳೆಯ ಹಣ್ಣು ಬಿದ್ದರೆ ಕಾಗೆಯೇ ಬೀಳಿಸಿತೆನ್ನಲಾಗದು. ಅನೇಕ ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಲಸಿಕೆ ಕೊಟ್ಟು, ಇನ್ನೊಂದಕ್ಕೆ ಕೊಡದೆ ಹೋಲಿಸಿದಾಗಲೇ ಸತ್ಯ ತಿಳಿಯುವುದು.

ಅಂಥ ಹೋಲಿಕೆ ನಡೆದಿದೆ. ಸಿಪ್ಯುಲ್ಯುಸೆಲ್-ಟಿ ಎಂಬ ಲಸಿಕೆಗೆ 2010ರ ಏಪ್ರಿಲ್ ತಿಂಗಳಲ್ಲಿ ಅಮೆರಿಕೆಯ ಸರಕಾರ ಅನುಮತಿ ನೀಡಿತು. ಪ್ರೊವೆಂಜ್ ಎಂಬುದು ಅದರ ಮಾರಾಟದ ಹೆಸರು. ಪುರುಷರ ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್ ಬೇರೆಡೆ ಹರಡಿ, ಹಾರ್ಮೋನ್ ಚಿಕಿತ್ಸೆಗೆ ಬಗ್ಗದಿದ್ದಾಗ ಇದನ್ನು ಕೊಡುತ್ತಾರೆ. ಸುಮಾರು ಎರಡೆರಡು ವಾರಗಳ ಅಂತರದಲ್ಲಿ ಮೂರು ಸಲ ಕೊಡುವ ಚಿಕಿತ್ಸೆಯಿದು. 512 ರೋಗಿಗಳ ಮೇಲೆ ನಡೆದ ಪರೀಕ್ಷೆಯಲ್ಲಿ ಲಸಿಕೆ ಪಡೆದವರ ಜೀವಿತದ ಮಧ್ಯಮ ಅವಧಿ 25.8 ತಿಂಗಳು, ಪಡೆಯದವರದು 21.7 ತಿಂಗಳು ಎಂದು ಕಂಡಿತು. ಮಧ್ಯಮ ಅವಧಿಯೆಂದರೆ ಅರ್ಧದಷ್ಟು ಜನ ಅದಕ್ಕಿಂತ ಹೆಚ್ಚು ಕಾಲ, ಅರ್ಧದಷ್ಟು ಜನ ಕಡಿಮೆ ಕಾಲ ಬದುಕಿದರೆಂದು ಅರ್ಥ. ವ್ಯತ್ಯಾಸ ನಾಲ್ಕು ತಿಂಗಳ ಮೇಲೆ ಸ್ವಲ್ಪ. ರೋಗ ಮುಂದುವರಿಯುವ ವೇಗದಲ್ಲಿ ಮಾತ್ರ ಎದ್ದುಕಾಣುವ ಭೇದ ಕಂಡುಬರಲಿಲ್ಲ. ಚಳಿ, ಜ್ವರ, ಆಯಾಸ ಇವು ಇದರ ಸಾಮಾನ್ಯ ತೊಂದರೆಗಳು, ಕಿಮೋಥೆರಪಿಯ ಸಂಕಟಕ್ಕೆ ಹೋಲಿಸಿದರೆ ಸೌಮ್ಯವಾದವು.

ಆಗ ಅದರ ಬೆಲೆ 93,000 ಡಾಲರ್, ಅಂದಿನ ವಿನಿಮಯ ದರದಲ್ಲಿ 40 ಲಕ್ಷ ರೂಪಾಯಿಗೂ ಮಿಗಿಲು. ಅದನ್ನು ತಯಾರಿಸಿದ ಡೆಂಡ್ರಿಯಾನ್ ಕಂಪನಿ 2014ರಲ್ಲಿ ದಿವಾಳಿ ಅರ್ಜಿ ಹಾಕಬೇಕಾಯಿತು, ಲಸಿಕೆ ಬೇರೆ ಒಡೆಯರ ಕೈಸೇರಿತು. ಯುರೋಪಿನಲ್ಲಿ 2013ರಲ್ಲಿ ದೊರೆತ ಪರವಾನಗಿ 2015ರಲ್ಲಿ ಹಿಂತೆಗೆಯಲ್ಪಟ್ಟಿತು. ವಿಜ್ಞಾನ ಗೆದ್ದರೂ ವ್ಯಾಪಾರ ಸೋಲಬಹುದೆಂಬುದಕ್ಕೆ ಇದೊಂದು ನಿದರ್ಶನ.

ಮಿದುಳಿನ ಗ್ಲಯೋಬ್ಲಾಸ್ಟೋಮಾ ಎಂಬ ಕ್ಯಾನ್ಸರಿಗೆ ಡಿಸಿವ್ಯಾಕ್ಸ್ ಎಂಬ ಇನ್ನೊಂದು ಲಸಿಕೆಯನ್ನು 331 ರೋಗಿಗಳಲ್ಲಿ ಪರೀಕ್ಷಿಸಿ 2022ರಲ್ಲಿ ಫಲಿತಾಂಶ ಪ್ರಕಟಿಸಿದರು. ಹೊಸದಾಗಿ ರೋಗ ಪತ್ತೆಯಾದವರಲ್ಲಿ ಲಸಿಕೆ ಪಡೆದವರ ಮಧ್ಯಮ ಅವಧಿ 19.3 ತಿಂಗಳು, ಹೋಲಿಕೆಯ ಗುಂಪಿನದು 16.5 ತಿಂಗಳು. ಐದು ವರ್ಷ ಬದುಕಿದವರು ನೂರಕ್ಕೆ 13, ಹೋಲಿಕೆಯ ಗುಂಪಿನಲ್ಲಿ ನೂರಕ್ಕೆ 5.7. ಆದರೆ ಆ ಹೋಲಿಕೆಯ ಗುಂಪು ಅದೇ ಪರೀಕ್ಷೆಯೊಳಗಿನದಲ್ಲ, ಬೇರೆ ಪರೀಕ್ಷೆಗಳಿಂದ ಆಯ್ದುಕೊಂಡದ್ದು. ಆದ್ದರಿಂದ ತಜ್ಞರಲ್ಲಿ ಅನೇಕರು ಈ ಫಲವನ್ನು ಪೂರ್ಣವಾಗಿ ಒಪ್ಪಿಲ್ಲ. ಐದು ವರ್ಷ ಬದುಕಿದ ಆ ಕೆಲವರಲ್ಲಿ ಆಶೆಯ ಕಿರಣವಿದೆ ಎನ್ನುವವರೂ ಇದ್ದಾರೆ.

ತಳವಾರ ಎಚ್ಚತ್ತರೂ ಕಳ್ಳ ಏಕೆ ಪೂರ್ತಿ ಸಿಗುತ್ತಿಲ್ಲ? ಚಾವಡಿಯಿಂದ ಹೊರಟ ಟಿ-ಕೋಶಗಳನ್ನು ಗಡ್ಡೆಯು ಬಾಗಿಲಲ್ಲೇ ತಡೆಯುತ್ತದೆ. ಟಿ-ಕೋಶದ ಮೇಲೆ ಅದರ ಆವೇಶವನ್ನು ಹಿಡಿದು ನಿಲ್ಲಿಸುವ ಕಡಿವಾಣಗಳಿವೆ, ಕ್ಯಾನ್ಸರ್ ಆ ಕಡಿವಾಣವನ್ನೇ ಜಗ್ಗುತ್ತದೆ. ಆ ಕಡಿವಾಣಗಳನ್ನು ಸಡಿಲಿಸುವ ಚಿಕಿತ್ಸೆಗೆ ದಾರಿ ತೋರಿದ ಜೇಮ್ಸ್ ಆಲಿಸನ್ ಮತ್ತು ತಸುಕು ಹೋಂಜೊ ಅವರಿಗೆ 2018ರಲ್ಲಿ ನೊಬೆಲ್ ಸಂದಿತು. ಆ ಔಷಧಗಳನ್ನೂ ಡೆಂಡ್ರಿಟಿಕ್ ಕೋಶ ಲಸಿಕೆಯನ್ನೂ ಜೊತೆಗೂಡಿಸಿ ನೋಡುವ ಪ್ರಯೋಗಗಳು ನಡೆದಿವೆ. ಒಬ್ಬರು ಎಬ್ಬಿಸಬೇಕು, ಇನ್ನೊಬ್ಬರು ಕಡಿವಾಣ ಬಿಡಬೇಕು ಎಂಬುದು ಅದರ ತತ್ತ್ವ.

ಇಷ್ಟು ವಿವರವಾಗಿ ಬರೆಯಲು ಕಾರಣವುಂಟು. ಕೆಲವು ತಿಂಗಳ ಹಿಂದೆ ಪರಿಚಿತ ಒಕ್ಕಲು ಮನೆತನದ ಹಿರಿಯ ಮಗ ನನ್ನಲ್ಲಿಗೆ ಬಂದಿದ್ದರು. ಅವರ ತಂದೆಯವರಿಗೆ ಕರುಳಿನ ಕ್ಯಾನ್ಸರ್. ದೂರದ ನಗರದ ಚಿಕಿತ್ಸಾ ಕೇಂದ್ರವೊಂದು ಡೆಂಡ್ರಿಟಿಕ್ ಕೋಶ ಲಸಿಕೆಯಿಂದ ಗುಣವಾಗುವುದೆಂದು ಭರವಸೆ ಕೊಟ್ಟು ಹಲವು ಲಕ್ಷ ರೂಪಾಯಿ ಕೇಳಿತ್ತು. ‘ಶಾಸ್ತ್ರಿಗಳೆ, ಎರಡು ಎಕರೆ ನೀರಾವರಿ ಹೊಲ ಮಾರಿದರೆ ಹಣ ಕೂಡುತ್ತದೆ. ಮಾರದಿದ್ದರೆ ಅಪ್ಪನಿಗಿಂತ ಹೊಲ ಹೆಚ್ಚಾಯಿತೇ ಎಂದು ನಾಳೆ ಜನ ಅಂದಾರು. ಏನು ಮಾಡಲಿ ಹೇಳಿರಿ’ ಎಂದು ಕೇಳಿದರು. ನಾನು ವ್ಯಾಕರಣ ಓದಿದವನು, ವೈದ್ಯನಲ್ಲ. ಮಾರು ಎನ್ನುವ ಅಧಿಕಾರವೂ ಬೇಡ ಎನ್ನುವ ಅಧಿಕಾರವೂ ನನಗಿಲ್ಲ. ಕೇಳಬೇಕಾದ ಪ್ರಶ್ನೆಗಳನ್ನು ಮಾತ್ರ ಅವರಿಗೆ ಬರೆದುಕೊಟ್ಟೆ. ಅವು ಎಲ್ಲ ಮನೆಗಳಿಗೂ ಉಪಯೋಗವಾದೀತೆಂದು ಇಲ್ಲಿ ಹೇಳುತ್ತೇನೆ.

ಮೊದಲನೆಯದು: ‘ಈ ಲಸಿಕೆಗೆ ಈ ಕ್ಯಾನ್ಸರಿನಲ್ಲಿ ಸರಕಾರದ ಅನುಮತಿಯಿದೆಯೇ? ಎಷ್ಟು ರೋಗಿಗಳಲ್ಲಿ, ಯಾವ ಹೋಲಿಕೆಯಿಂದ ಪರೀಕ್ಷೆಯಾಗಿದೆ?’ ಪ್ರಾಸ್ಟೇಟ್ ಕ್ಯಾನ್ಸರಿನಲ್ಲಿ ಸಿಕ್ಕ ಫಲವನ್ನು ಕರುಳಿನ ಕ್ಯಾನ್ಸರಿಗೆ ಆರೋಪಿಸುವಂತಿಲ್ಲ.

ಎರಡನೆಯದು: ‘ಇದು ಸ್ಥಾಪಿತವಾದ ಚಿಕಿತ್ಸೆಯೋ, ಪ್ರಯೋಗವೋ?’ ಪ್ರಯೋಗವಾದರೆ ನಮ್ಮ ದೇಶದಲ್ಲಿ 2009ರಿಂದ ಅದನ್ನು ಪ್ರಯೋಗಗಳ ರಾಷ್ಟ್ರೀಯ ದಾಖಲೆಯಲ್ಲಿ ನೋಂದಾಯಿಸುವುದು ಕಡ್ಡಾಯವಾಗಿದೆ. ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ವಿವರಿಸಿ ಒಪ್ಪಿಗೆ ಪಡೆಯಬೇಕು. ಸಂಶೋಧನೆಗೆ ತಗಲುವ ವೆಚ್ಚವನ್ನು ರೋಗಿಯಿಂದ ವಸೂಲು ಮಾಡಬಾರದೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಮಾರ್ಗಸೂಚಿ ಹೇಳುತ್ತದೆ. ಪ್ರಯೋಗವೆಂದೂ ಹೇಳಿ ಲಕ್ಷಗಟ್ಟಲೆ ಹಣವನ್ನೂ ಕೇಳಿದರೆ ಅಲ್ಲಿ ಶಂಕೆಗೆ ಎಡೆಯಿದೆ.

ಮೂರನೆಯದು: ‘ಗುಣವಾಗುವುದೆಂದರೆ ಏನು?’ ರೋಗ ಪೂರ್ತಿ ಹೋಗುವುದೇ, ಆಯುಷ್ಯ ಕೆಲವು ತಿಂಗಳು ಹೆಚ್ಚುವುದೇ, ನೋವು ಕಡಿಮೆಯಾಗುವುದೇ? ಅದನ್ನು ಬರೆದು ಕೊಡುವಿರಾ ಎಂದು ಕೇಳಬೇಕು. ನಾಲ್ಕನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು: ಇದಕ್ಕಾಗಿ ಈಗ ನಡೆಯುತ್ತಿರುವ ಚಿಕಿತ್ಸೆಯನ್ನು ನಿಲ್ಲಿಸಬೇಕೆಂದು ಯಾರಾದರೂ ಹೇಳಿದರೆ ಎದ್ದುಬರಬೇಕು. ಸ್ವತಃ ಸ್ಟೈನ್‌ಮನ್ ಅವರೇ ಶಸ್ತ್ರಚಿಕಿತ್ಸೆಯನ್ನೂ ಕಿಮೋಥೆರಪಿಯನ್ನೂ ಬಿಟ್ಟು ಲಸಿಕೆಯನ್ನು ನೆಚ್ಚಲಿಲ್ಲ.

ಆ ಮಗ ಹೋಗಿ ಈ ಪ್ರಶ್ನೆಗಳನ್ನು ಕೇಳಿದರು. ಲಿಖಿತ ಉತ್ತರ ಯಾವುದಕ್ಕೂ ದೊರೆಯಲಿಲ್ಲ. ಹೊಲ ಉಳಿದಿದೆ. ತಂದೆಯವರ ಚಿಕಿತ್ಸೆ ಸರಕಾರಿ ಆಸ್ಪತ್ರೆಯೊಂದರಲ್ಲಿ ಮುಂದುವರಿದಿದೆ. ಅವರು ಗುಣಮುಖರಾದರೆಂದು ಬರೆಯುವ ಭಾಗ್ಯ ನನಗಿನ್ನೂ ಒದಗಿಲ್ಲ. ಆದರೆ ಮಗ ಈಗ ತಂದೆಯ ಪಕ್ಕದಲ್ಲಿ ಕುಳಿತಿರುತ್ತಾರೆ, ಸಾಲದ ಲೆಕ್ಕದಲ್ಲಿ ಮುಳುಗಿಲ್ಲ. ಹೊಲ ಮಾರದವನು ಪಿತೃದ್ರೋಹಿ ಎನ್ನುವ ಬಂಧುಗಳು ಎಲ್ಲ ಊರುಗಳಲ್ಲಿಯೂ ಇರುತ್ತಾರೆ. ಅಂಥ ಮಾತಾಡುವ ಮುನ್ನ ನಾವೆಲ್ಲರೂ ಯೋಚಿಸಬೇಕು. ಪ್ರೀತಿಯನ್ನು ಖರ್ಚಿನಿಂದ ಅಳೆಯುವುದು ರೋಗಿಗೂ ಹಿತವಲ್ಲ, ಮನೆಗೂ ಹಿತವಲ್ಲ.

ನಮ್ಮ ರಾಜ್ಯದಲ್ಲಿ ಪ್ರಮಾಣಸಿದ್ಧವಾದ ಚಿಕಿತ್ಸೆ ಬಡವರ ಕೈಗೂ ಎಟಕುವಂತಿದೆ. ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ 1973ರಿಂದ ಕ್ಯಾನ್ಸರ್ ರೋಗಿಗಳ ಸೇವೆಯಲ್ಲಿದೆ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕ್ಯಾನ್ಸರ್ ಚಿಕಿತ್ಸೆಯೂ ಸೇರಿದೆ. ಹಣ ಹೊಂದಿಸಲು ಓಡುವ ಮೊದಲು ಇವುಗಳ ವಿಚಾರ ತಿಳಿದುಕೊಳ್ಳಬೇಕು. ಇನ್ನು ರೋಗ ಬಾರದಂತೆ ಮಾಡುವ ದಾರಿಗಳಿಗೆ ಲಕ್ಷ ರೂಪಾಯಿ ಬೇಕಿಲ್ಲ. ಮನೆಯ ಗಂಡಸರು ತಂಬಾಕು ಗುಟ್ಕಾಗಳನ್ನು ಬಿಡಬೇಕು. ಹೆಣ್ಣುಮಕ್ಕಳಿಗೆ 9ರಿಂದ 14 ವರ್ಷದೊಳಗೆ ಎಚ್‌ಪಿವಿ ಲಸಿಕೆ ಹಾಕಿಸುವ ಬಗ್ಗೆ ವೈದ್ಯರನ್ನು ಕೇಳಬೇಕು. ಸ್ತನದಲ್ಲಿ ಗಂಟು, ಮಾಯದ ಹುಣ್ಣು, ಅಕಾಲದ ರಕ್ತಸ್ರಾವ ಕಂಡರೆ ಸಂಕೋಚಪಟ್ಟು ಮುಚ್ಚಿಡದೆ ಬೇಗ ತೋರಿಸಬೇಕು.

ಡೆಂಡ್ರಿಟಿಕ್ ಕೋಶದ ಅರಿವು ವ್ಯರ್ಥವಾಯಿತೆಂದು ಮಾತ್ರ ಯಾರೂ ತಿಳಿಯಬಾರದು. ಈ ಕೋಶಗಳ ಅಧ್ಯಯನದಲ್ಲಿ ತೊಡಗಿದ್ದ ಡ್ರೂ ವೈಸ್‌ಮನ್ ಅವರು ಕ್ಯಾಟಲಿನ್ ಕರಿಕೊ ಅವರೊಡಗೂಡಿ 2005ರಲ್ಲಿ ಮಾಡಿದ ಶೋಧನೆಯಿಂದಲೇ ಮುಂದೆ ಕೋವಿಡ್ ಕಾಲದ ಎಂಆರ್‌ಎನ್‌ಎ ಲಸಿಕೆಗಳು ಸಾಧ್ಯವಾದವು. 2023ರಲ್ಲಿ ಆ ಇಬ್ಬರಿಗೂ ನೊಬೆಲ್ ದೊರೆಯಿತು. ಅದೇ ಮಾರ್ಗದಲ್ಲಿ ಕ್ಯಾನ್ಸರಿಗೂ ಲಸಿಕೆಗಳ ಪರೀಕ್ಷೆ ನಡೆದಿದೆ. ಇಂದು ನಾಲ್ಕು ತಿಂಗಳು ಕೊಟ್ಟ ವಿದ್ಯೆ ನಾಳೆ ನಾಲ್ಕು ವರ್ಷ ಕೊಡಬಹುದು. ಆ ನಾಳೆ ಬಂದಾಗ ಅದು ನೂರಾರು ರೋಗಿಗಳ ಪರೀಕ್ಷೆಯಲ್ಲಿ ಗೆದ್ದು, ಹಗಲ ಬೆಳಕಿನಲ್ಲಿ, ಎಲ್ಲರ ಮುಂದೆ ಬರುತ್ತದೆ. ಅಲ್ಲಿಯವರೆಗೆ ಆಶೆಯನ್ನು ಬಿಡದಿರೋಣ, ಪ್ರಶ್ನೆಯನ್ನೂ ಬಿಡದಿರೋಣ. ಓದುಗ ಬಂಧುಗಳೆಲ್ಲರ ಮನೆಗಳಲ್ಲಿ ಆರೋಗ್ಯ ನೆಲೆಸಿರಲಿ.